ಸೆಕೆಂಡ್ ಹ್ಯಾಂಡ್ ರೇಂಜ್ ರೋವರ್ ಸ್ಪೋರ್ಟ್: 2.0, 3.0 ವಿ6, 4.4 ವಿ8 – ಯಾವ ಡೀಸೆಲ್ ತಗೊಳ್ಳೋದು?

ಹೊಸಗಾಲಿ:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ರೇಂಜ್ ರೋವರ್ ಸ್ಪೋರ್ಟ್ ನೋಡ್ತಾ ಇದೀನಿ. 2013ರಿಂದ ಬಂದ ಎರಡನೇ ತಲೆಮಾರಿನದು, ಎಲ್494, ಅಲ್ಯೂಮಿನಿಯಂ ಬಾಡಿ. ಡೀಸೆಲ್ಲೇ ಬೇಕು. ಮೂರು ಗಾಡಿ ಕಣ್ಣ ಮುಂದಿವೆ.

2017ರ 2.0 ಲೀಟರ್ ಎಸ್‌ಡಿ4, ಶಕ್ತಿ 240 ಪಿಎಸ್, ಟಾರ್ಕ್ (ತಿರುಗಿಸೋ ಬಲ) 500 ಎನ್‌ಎಂ. ಓಡಿರೋದು 82,000 ಕಿ.ಮೀ. ಸರ್ವಿಸ್ ಬುಕ್ ಪೂರ್ತಿ ಇದೆ, ಆದರೆ ಆಯಿಲ್ ಬದಲಿಸಿರೋದು ಡ್ಯಾಶ್ ಹೇಳಿದಾಗ ಮಾತ್ರ.

2015ರ 3.0 ಎಸ್‌ಡಿವಿ6, 292 ಪಿಎಸ್, 600 ಎನ್‌ಎಂ, 1,18,000 ಕಿ.ಮೀ. ಮೊದಲ ನಾಲ್ಕು ವರ್ಷದ ದಾಖಲೆ ಇದೆ. ಆಮೇಲಿನದಕ್ಕೆ ಬಿಡಿ ಬಿಲ್ಲುಗಳು, ನಡುವೆ ಎರಡು ವರ್ಷ ಏನೂ ಇಲ್ಲ.

2014ರ 4.4 ಎಸ್‌ಡಿವಿ8, 339 ಪಿಎಸ್, 700 ಎನ್‌ಎಂ, 1,46,000 ಕಿ.ಮೀ. ಪ್ರತಿ ವರ್ಷ ಆಯಿಲ್ ಬದಲಿಸಿದ ಬಿಲ್ ಇದೆ.

ದಿನಾ ಹೋಗಿ ಬರೋದು ಒಂದು ಕಡೆಗೆ 7–8 ಕಿ.ಮೀ., ಟ್ರಾಫಿಕ್‌ನಲ್ಲಿ. ತಿಂಗಳಿಗೆ ಎರಡು ಸಲ 400–500 ಕಿ.ಮೀ. ಹೆದ್ದಾರಿ. ವರ್ಷಕ್ಕೆ ನಾಲ್ಕೈದು ಸಲ ಸುಮಾರು 2,500 ಕೆ.ಜಿ. ಟ್ರೇಲರ್ ಎಳೀಬೇಕು. 2.0 ಸಾಕಾಗುತ್ತಾ? 3.0ದಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳ ಏರಿಳಿತದಿಂದ ತಿರುಗೋ ಮುಖ್ಯ ದಂಡ) ಮುರಿಯುತ್ತೆ ಅಂತಾರಲ್ಲ, ಅದು ಎಷ್ಟರ ಮಟ್ಟಿಗೆ ನಿಜ? ವಿ8 ತಗೊಂಡ್ರೆ ಸಾಕೋಕೆ ಆಗುತ್ತಾ?

ಮೇನ್‌ಬೇರಿಂಗ್:

ಮೊದಲು ಕ್ರ್ಯಾಂಕ್ ವಿಷಯ. ನಿಜ. ಆದರೆ ಅದು ಹೇಗಾಗುತ್ತದೆ ಅನ್ನುವುದು ತಿಳಿದರೆ ಯಾವ ಗಾಡಿ ಬಿಡಬೇಕು, ಯಾವುದನ್ನು ನೋಡಬಹುದು ಅನ್ನುವುದು ತಾನೇ ಗೊತ್ತಾಗುತ್ತದೆ.

3.0 ವಿ6ನ ಮೂಲ ಫೋರ್ಡ್ ಮತ್ತು ಪಿಎಸ್‌ಎ (ಪೂಜೊ-ಸಿಟ್ರೊಯೆನ್) ಸೇರಿ ಮಾಡಿದ 2.7 ಎಂಜಿನ್. 60 ಡಿಗ್ರಿ ವಿ, ಆರು ಸಿಲಿಂಡರ್, ಕ್ರ್ಯಾಂಕನ್ನು ಹಿಡಿದಿಡುವ ಮೇನ್ ಬೇರಿಂಗ್ ನಾಲ್ಕೇ. 60 ಡಿಗ್ರಿ ವಿ6ನಲ್ಲಿ ಫೈರಿಂಗ್ ಸಮ ಅಂತರದಲ್ಲಿ ಬರಬೇಕಾದರೆ ಎದುರುಬದುರಿನ ಎರಡು ಕನೆಕ್ಟಿಂಗ್ ರಾಡ್‌ಗಳಿಗೆ ಕ್ರ್ಯಾಂಕಿನಲ್ಲಿ ಒಂದೇ ಪಿನ್ (ರಾಡ್ ಕೂರುವ ಜಾಗ) ಕೊಡಲಾಗದು, ಎರಡು ಪಿನ್‌ಗಳನ್ನು ಓರೆಯಾಗಿ ಇಟ್ಟು ನಡುವೆ ತೆಳ್ಳನೆಯ ಗೋಡೆ ಬಿಡಬೇಕು. ವಿ8ನಲ್ಲಿ ಹಾಗಿಲ್ಲ. ಎರಡೆರಡು ರಾಡ್‌ಗೆ ಒಂದೇ ಅಗಲವಾದ ಪಿನ್, ನಾಲ್ಕು ಪಿನ್‌ಗೆ ಐದು ಮೇನ್ ಬೇರಿಂಗ್. ಅಲ್ಲೇ ವಿ8 ಗಟ್ಟಿ.

ಆದರೂ ಕ್ರ್ಯಾಂಕ್ ಒಂದು ದಿನ ಸುಮ್ಮನೆ ಮುರಿಯುವುದಿಲ್ಲ, ಹೆಚ್ಚಿನ ಸಲ ಮೊದಲು ಸೋಲುವುದು ಬೇರಿಂಗ್. ಮೇನ್ ಬೇರಿಂಗ್ ಶೆಲ್‌ಗಳಿಗೆ (ಬೇರಿಂಗಿನ ತೆಳು ಲೋಹದ ಚಿಪ್ಪುಗಳಿಗೆ) ಜಾರದಂತೆ ಹಿಡಿಯುವ ನಾಲಿಗೆ ಇಲ್ಲ, ಬೋಲ್ಟ್ ಬಿಗಿದಾಗ ಬರುವ ಒತ್ತಡವೊಂದೇ ಆಧಾರ. ಆಯಿಲ್ ಹಳೆಯದಾಗಿ, ಮಸಿ ತುಂಬಿ, ಡೀಸೆಲ್ ಬೆರೆತು ತೆಳ್ಳಗಾದರೆ ಶೆಲ್ ಮತ್ತು ಜರ್ನಲ್ (ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕಿನ ಭಾಗ) ನಡುವಿನ ಆಯಿಲ್ ಪದರ ಕಿತ್ತುಹೋಗುತ್ತದೆ. ಶೆಲ್ ಕ್ರ್ಯಾಂಕಿಗೆ ಕಚ್ಚಿಕೊಂಡು ಅದರ ಜೊತೆ ತಿರುಗುತ್ತದೆ. ತಿರುಗಿದ ಕೂಡಲೇ ಶೆಲ್ಲಿನ ತೂತು ಬ್ಲಾಕಿನ ಆಯಿಲ್ ತೂತಿನಿಂದ ಸರಿದು ಹೋಗುತ್ತದೆ, ಅಂದರೆ ಆ ಜರ್ನಲ್ಲಿಗೆ ಆಯಿಲ್ ಬಂದ್. ಅದರಿಂದ ಆಯಿಲ್ ಪಡೆಯುವ ಬಿಗ್ ಎಂಡ್‌ಗೂ (ರಾಡಿನ ಕ್ರ್ಯಾಂಕ್ ಕಡೆಯ ಬೇರಿಂಗ್‌ಗೂ) ಬಂದ್. ಶಾಖಕ್ಕೆ ಉಕ್ಕಿನಲ್ಲಿ ಬಿರುಕು ಬಿದ್ದು, ಆಮೇಲೆ ಕ್ರ್ಯಾಂಕ್ ಎರಡು ತುಂಡು. ಆ ಹೊತ್ತಿಗೆ ಬ್ಲಾಕೂ ಕೆಟ್ಟಿರುತ್ತದೆ, ಕ್ರ್ಯಾಂಕ್ ಮಾತ್ರ ಬದಲಿಸಿ ಉಳಿಸಿಕೊಳ್ಳುವ ದಾರಿ ಸಾಮಾನ್ಯವಾಗಿ ಉಳಿಯುವುದಿಲ್ಲ. ಪೂರ್ತಿ ಎಂಜಿನ್ನೇ ಹೋಯಿತು ಎಂದು ಲೆಕ್ಕ.

ಹಾಗಾಗಿ 3.0ಗೆ ಕಂಪನಿ ಬರೆದ ಉದ್ದದ ಸರ್ವಿಸ್ ಅಂತರವನ್ನು ನಂಬಬೇಡಿ. 10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು. ಆಯಿಲ್ 5ಡಬ್ಲ್ಯೂ-30, ಫೋರ್ಡ್ ಡಬ್ಲ್ಯೂಎಸ್‌ಎಸ್-ಎಂ2ಸಿ934-ಬಿ ಒಪ್ಪಿಗೆ ಇರುವುದೇ ಬೇಕು. ಬೂದಿ ಹೆಚ್ಚಿರುವ ಆಯಿಲ್ ಹಾಕಿದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಳ್ಳುತ್ತದೆ.

ನೀವು ಹೇಳಿದ 2015ರ ಗಾಡಿಯಲ್ಲಿ ಎರಡು ವರ್ಷದ ಬಿಲ್ ಕಾಣೆಯಾಗಿದೆ. ಆ ಎರಡು ವರ್ಷದಲ್ಲಿ ಅದು 40,000 ಕಿ.ಮೀ. ಒಂದೇ ಆಯಿಲ್‌ನಲ್ಲಿ ಓಡಿದ್ದರೂ ಇವತ್ತು ಎಂಜಿನ್ ಸದ್ದಿನಲ್ಲಿ ಅದು ಗೊತ್ತಾಗದು. ಬಣ್ಣ ಎಷ್ಟೇ ಹೊಳೆಯಲಿ, ಈ ಎಂಜಿನ್ ವಿಷಯದಲ್ಲಿ ಆ ಕಾಗದವೇ ಎಂಜಿನ್ನಿನ ಅರ್ಧ ಬೆಲೆ.

ಇನ್ನೊಂದು ಮಾತು, 3.0ದಲ್ಲಿ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡ) ಓಡಿಸುವುದು ಬೆಲ್ಟ್. ಹಿಂಬದಿಯಲ್ಲಿ ಹೈ ಪ್ರೆಶರ್ ಡೀಸೆಲ್ ಪಂಪ್‌ಗೆ ಬೇರೆಯದೇ ಒಂದು ಬೆಲ್ಟ್ ಇದೆ. "ಟೈಮಿಂಗ್ ಬೆಲ್ಟ್ ಆಗಿದೆ" ಅಂದರೆ ಎರಡೂ ಆಗಿದೆಯಾ ಎಂದು ಕೇಳಿ, ಹಿಂದಿನದನ್ನು ಬಿಟ್ಟುಬಿಡುವವರೇ ಹೆಚ್ಚು. ಹಿಂದಿನದು ತುಂಡಾದರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಮುಂದಿನದು ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಕಿಲೋಮೀಟರ್ ಎಷ್ಟೇ ಕಡಿಮೆ ಇರಲಿ, 7 ವರ್ಷ ದಾಟಿದ ಬೆಲ್ಟ್ ಇದ್ದರೆ ಟೆನ್ಷನರ್, ಐಡ್ಲರ್, ವಾಟರ್ ಪಂಪ್ ಸಮೇತ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ರಬ್ಬರಿಗೆ ಕಿಲೋಮೀಟರ್‌ಗಿಂತ ವಯಸ್ಸು ಮುಖ್ಯ.

ಡಿಪಿಎಫ್ ಗೆಳೆಯ:

2.0 ಬಗ್ಗೆ ನಾನು ಹೇಳ್ತೀನಿ. ಸಾಕಾಗುತ್ತಾ ಅಂದ್ರೆ, ಗಾಡಿ ಒಂದನ್ನೇ ಎಳೆಯೋಕೆ ಧಾರಾಳ ಸಾಕು. 500 ಎನ್‌ಎಂ, ಎರಡು ಟರ್ಬೊ, ಎಂಟು ಗೇರು. ಮುಂದಿನ ಆಕ್ಸಲ್ ಮೇಲೆ ಭಾರ ಕಡಿಮೆ ಇರೋದರಿಂದ ತಿರುವಿನಲ್ಲಿ ವಿ8ಗಿಂತ ಚುರುಕು ಕೂಡ. ಪ್ರಶ್ನೆ ಪಿಕಪ್‌ದಲ್ಲ ಸರ್, ನಿಮ್ಮ ಆ 7 ಕಿ.ಮೀ.ದು.

ಡಿಪಿಎಫ್‌ನಲ್ಲಿ ಮಸಿ ತುಂಬಿದಾಗ ಅದನ್ನ ಸುಡೋಕೆ ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಶಾಖ ಬರಿಸೋಕೆ ಎಂಜಿನ್ ಪವರ್ ಸ್ಟ್ರೋಕ್ ಮುಗೀತಾ ಬಂದಾಗ ಸ್ವಲ್ಪ ಡೀಸೆಲ್ ಎಕ್ಸ್ಟ್ರಾ ಚುಮುಕಿಸುತ್ತೆ. ಅದರಲ್ಲಿ ಒಂದು ಪಾಲು ಸುಡದೆ ಸಿಲಿಂಡರ್ ಗೋಡೆಗೆ ಅಂಟಿ, ಪಿಸ್ಟನ್ ರಿಂಗ್ ದಾಟಿ ಸಂಪ್‌ಗೆ (ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ) ಇಳಿಯುತ್ತೆ. ಹೆದ್ದಾರಿಯಲ್ಲಿ ಹತ್ತಿಪ್ಪತ್ತು ನಿಮಿಷ ಒಂದೇ ಸಮ ಓಡಿದ್ರೆ ಸುಡೋ ಕೆಲಸ ಮುಗಿಯುತ್ತೆ, ಬಿಸಿ ಆಯಿಲ್‌ನಿಂದ ಡೀಸೆಲ್ ಒಂದಷ್ಟು ಆವಿಯಾಗಿ ಹೋಗುತ್ತೆ. 7 ಕಿ.ಮೀ.ಗೆ ಆಫ್ ಮಾಡಿದ್ರೆ ಸುಡೋದು ಅರ್ಧಕ್ಕೆ ನಿಲ್ಲುತ್ತೆ, ನಾಳೆ ಮತ್ತೆ ಮೊದಲಿಂದ. ಹೀಗೆ ಪ್ರತಿ ಸಲ ಒಂದೊಂದು ಚೂರು ಡೀಸೆಲ್ ಸಂಪಿಗೆ. ಆಯಿಲ್ ಮಟ್ಟ ಇಳಿಯೋ ಬದಲು ಏರ್ತಾ ಹೋಗುತ್ತೆ.

ಇದು ಮೂರೂ ಎಂಜಿನ್‌ಗೂ ಇರೋ ತೊಂದರೆ. ಆದರೆ ಈ 2.0 ಇಂಜಿನಿಯಂ (ಕಂಪನಿಯ ಸ್ವಂತ ಸರಣಿ) ಎಂಜಿನ್ ಅದಕ್ಕೇ ಹೆಸರು ಕೆಡಿಸಿಕೊಂಡಿದ್ದು. ಎಂಜಿನ್ ಅಡ್ಡಲಾಗಿ ಕೂರಿಸಿರೋ ಚಿಕ್ಕ ಮಾದರಿಗಳಲ್ಲಿ ದೂರು ಜಾಸ್ತಿ, ಸ್ಪೋರ್ಟ್‌ನಲ್ಲಿ ಕಡಿಮೆ. ಆದರೂ ಚೇನ್ ಅದೇ, ಜಾಗ ಅದೇ. ಟೈಮಿಂಗ್ ಚೇನ್ ಇರೋದು ಎಂಜಿನ್ನಿನ ಹಿಂಭಾಗದಲ್ಲಿ, ಫ್ಲೈವೀಲ್ ಕಡೆ. ತೆಳ್ಳಗಾದ ಆಯಿಲ್‌ನಲ್ಲಿ ಪ್ಲಾಸ್ಟಿಕ್ ಗೈಡ್ ಸವೆದು, ಚೇನ್ ಉದ್ದ ಆಗಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಎರಡು ಮೂರು ಸೆಕೆಂಡ್ ಗರಗರ ಅನ್ನುತ್ತೆ. ಬಾನೆಟ್ ತೆಗೆದು ಮುಂದೆ ನಿಂತ್ರೆ ಕೇಳಿಸಲ್ಲ, ಫೈರ್‌ವಾಲ್ (ಎಂಜಿನ್, ಕ್ಯಾಬಿನ್ ನಡುವಿನ ಗೋಡೆ) ಹತ್ತಿರ ಕಿವಿ ಕೊಡಬೇಕು. ಚೇನ್ ಬದಲಿಸೋಕೆ ಗೇರ್‌ಬಾಕ್ಸ್ ಇಳಿಸಲೇಬೇಕು, ಪಾರ್ಟ್ಸ್‌ಗಿಂತ ಕೂಲಿಯೇ ದೊಡ್ಡದು.

"ಡ್ಯಾಶ್ ಹೇಳಿದಾಗ ಮಾತ್ರ ಆಯಿಲ್" ಅಂದ್ರಲ್ಲ, ಅದು 2.0ಗೆ ಒಳ್ಳೆ ಮಾತಲ್ಲ. ಇದರಲ್ಲಿ ಕಂಪ್ಯೂಟರೇ ಎಷ್ಟು ಡೀಸೆಲ್ ಬೆರೆತಿದೆ ಅಂತ ಲೆಕ್ಕ ಹಾಕಿ ಸರ್ವಿಸ್ ಬೇಗ ಕೇಳುತ್ತೆ. ಬಿಲ್ಲುಗಳನ್ನ ಜೋಡಿಸಿ ಎರಡು ಸರ್ವಿಸ್ ನಡುವೆ ಎಷ್ಟು ಕಿ.ಮೀ. ಇದೆ ನೋಡಿ. 8,000–9,000ಕ್ಕೇ ಕೇಳಿದ್ರೆ ಆ ಗಾಡಿ ಊರೊಳಗೇ ಸುತ್ತಾಡಿದೆ. 20,000 ದಾಟಿ ಕೇಳಿದ್ರೆ ಹೆದ್ದಾರಿ ಗಾಡಿ, ಚೇನ್ ಬದುಕಿರೋ ಸಾಧ್ಯತೆ ಜಾಸ್ತಿ. ಇದೊಂದು ಲೆಕ್ಕ ಮಾಲೀಕನ ಮಾತಿಗಿಂತ ನಿಜ ಹೇಳುತ್ತೆ.

ಎಂಟರ ನಂಟು:

ವಿ8 ಪರವಾಗಿ ಮಾತಾಡುತ್ತೇನೆ, ಆದರೆ ಕಣ್ಣು ಮುಚ್ಚಿ ಅಲ್ಲ.

4.4ರಲ್ಲಿ ಕ್ಯಾಮ್‌ಗೆ ಚೇನ್ ಇದೆ, ಟೈಮಿಂಗ್ ಬೆಲ್ಟಿನ ಖರ್ಚು ಇಲ್ಲ. ಕ್ರ್ಯಾಂಕ್ ಕಥೆ 3.0ದ ಹಾಗೆ ಇದಕ್ಕೆ ಅಂಟಿಕೊಂಡಿಲ್ಲ. ಗೇರ್‌ಬಾಕ್ಸ್ ಜೆಡ್‌ಎಫ್ 8ಎಚ್‌ಪಿ70, ಹೆಸರಲ್ಲೇ ಇರುವಂತೆ 700 ಎನ್‌ಎಂ ವರ್ಗದ್ದು. 2,500 ಕೆ.ಜಿ. ಟ್ರೇಲರ್ ಕಟ್ಟಿ ಏರು ಹತ್ತುವಾಗ ಈ ಎಂಜಿನ್ 1,800–2,000 ಆರ್‌ಪಿಎಂನಲ್ಲೇ ಎಳೆಯುತ್ತದೆ, ಅದೇ ಏರಿಗೆ 2.0 ಎರಡು ಗೇರ್ ಕೆಳಗೆ ಇಳಿದು 3,000ದ ಮೇಲೆ ಕೂಗುತ್ತದೆ. ಎಳೆಯುವುದಿಲ್ಲ ಎಂದಲ್ಲ. ಕೂಲಂಟ್, ಟರ್ಬೊ, ಗೇರ್ ಆಯಿಲ್ ಎಲ್ಲವೂ ತಮ್ಮ ಅಂಚಿನಲ್ಲಿ ಕೆಲಸ ಮಾಡುತ್ತವೆ. ವರ್ಷಕ್ಕೆ ನಾಲ್ಕೈದು ಸಲಕ್ಕೆ ತಡೆಯುತ್ತದೆ, ವಾರಕ್ಕೊಮ್ಮೆ ಎಳೆಯುವವರಿಗೆ ನಾನು ಹೇಳುವುದಿಲ್ಲ.

ಈಗ ಖರ್ಚಿನ ಮಾತು. ಇಂಜೆಕ್ಟರ್ ಎಂಟು. ಗ್ಲೋ ಪ್ಲಗ್ ಎಂಟು, ಹಳೆಯದಾದಾಗ ಹೆಡ್ಡಿನಲ್ಲೇ ಕಚ್ಚಿಕೊಂಡು ತೆಗೆಯುವಾಗ ತುಂಡಾಗುತ್ತವೆ. ಇಜಿಆರ್ ಕೂಲರ್ (ಎಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ತಣಿಸುವ ಭಾಗ) ಒಳಗೇ ಸೋರಿದರೆ ಹೊರಗೆ ಒಂದು ಹನಿಯೂ ಕಾಣದೆ ಕೂಲಂಟ್ ಕಡಿಮೆಯಾಗುತ್ತಾ ಹೋಗುತ್ತದೆ, ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತದೆ. ಎಂಜಿನ್ ಬೇ ಎಷ್ಟು ಇಕ್ಕಟ್ಟು ಅಂದರೆ ಟರ್ಬೊ ಕೆಲಸಕ್ಕೆ ಕೈ ಹೋಗುವುದೇ ಕಷ್ಟ. ಭಾರ ಹೆಚ್ಚಿರುವುದರಿಂದ ಮುಂದಿನ ಲೋವರ್ ಆರ್ಮ್ ಬುಷ್, ಬ್ರೇಕ್ ಪ್ಯಾಡ್, ಟೈರ್ ಬೇಗ ಸವೆಯುತ್ತವೆ. ಮೈಲೇಜ್ ಮೂರರಲ್ಲಿ ಎಲ್ಲಕ್ಕಿಂತ ಕಡಿಮೆ, 7 ಕಿ.ಮೀ. ಟ್ರಾಫಿಕ್ ಓಡಾಟದಲ್ಲಿ ಇನ್ನೂ ಕೆಡುತ್ತದೆ.

ದಿನದ ಆ ಸಣ್ಣ ಓಡಾಟ ವಿ8ಗೂ ಒಳ್ಳೆಯದಲ್ಲ. ದೊಡ್ಡ ಎಂಜಿನ್ ಬಿಸಿಯಾಗುವುದೇ ನಿಧಾನ. ಸಾಧ್ಯವಾದರೆ ವಾರಕ್ಕೊಮ್ಮೆ ಅರ್ಧ ಗಂಟೆ 2,000 ಆರ್‌ಪಿಎಂ ಮೇಲೆ ಒಂದೇ ಸಮ ಓಡಿಸುವ ಅಭ್ಯಾಸ ಇಟ್ಟುಕೊಳ್ಳಿ.

ಮೂರಕ್ಕೂ ಅನ್ವಯಿಸುವ ಒಂದು ಮಾತು. ಗೇರ್‌ಬಾಕ್ಸ್ ಆಯಿಲ್ ಜೀವಮಾನಕ್ಕೆ ಸಾಕು ಎಂದು ಹೇಳುವವರನ್ನು ನಂಬಬೇಡಿ. ಗೇರ್‌ಬಾಕ್ಸ್ ಮಾಡಿದ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಎನ್ನುತ್ತದೆ. ಫಿಲ್ಟರ್ ಪ್ಲಾಸ್ಟಿಕ್ ಸಂಪಿನ ಜೊತೆ ಅಚ್ಚಾಗಿ ಬಂದಿರುತ್ತದೆ, ಸಂಪ್ ಬದಲಿಸಿದರೆ ಫಿಲ್ಟರ್ ಬದಲಾದಂತೆ. ಮಟ್ಟ ನೋಡುವುದು ಎಂಜಿನ್ ಓಡುತ್ತಿರುವಾಗ, ಗಾಡಿ ಸಮತಟ್ಟಾಗಿ ನಿಂತಿರುವಾಗ, ಆಯಿಲ್ 40 ಡಿಗ್ರಿ ಆಸುಪಾಸು ಇರುವಾಗ. ಕುದಿಯುವ ಬಿಸಿಯಲ್ಲಿ ಮಟ್ಟ ನೋಡಿದರೆ ಆಯಿಲ್ ಉಬ್ಬಿರುತ್ತದೆ, ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ, ಆಮೇಲೆ ಬೆಳಿಗ್ಗೆ ಡ್ರೈವ್ ಹಾಕಿದಾಗ ಗೇರ್ ತಡವಾಗಿ ಹಿಡಿಯುತ್ತದೆ.

ಹೊಸಗಾಲಿ:

ತುಂಬಾ ಉಪಕಾರ ಆಯ್ತು. ಗಾಡಿ ನೋಡೋಕೆ ಹೋದ ದಿನ ಏನೇನು ನೋಡಲಿ? ಸ್ಕ್ಯಾನರ್ ಇರೋ ಮೆಕ್ಯಾನಿಕ್ ಜೊತೆಗೆ ಬರ್ತಾರೆ. ಅದೇ 3.0 ಎಂಜಿನ್ನಿನ, 258 ಪಿಎಸ್‌ನ ಟಿಡಿವಿ6 ಕೂಡ ಒಂದು ಸಿಕ್ಕಿದೆ, ಮಾಲೀಕರು ರೀಮ್ಯಾಪ್ ಮಾಡಿಸಿದ್ದಾರಂತೆ. ಅದು ಹೇಗೆ?

ಮೇನ್‌ಬೇರಿಂಗ್:

ರೀಮ್ಯಾಪ್ ಮಾಡಿದ 3.0 ಬಿಡಿ. ಸಾಫ್ಟ್‌ವೇರ್‌ನಿಂದ ಟಾರ್ಕ್ ಏರಿಸಿದರೆ ಆ ಹೊಡೆತ ಮೊದಲು ಬೀಳುವುದು ಅದೇ ಬೇರಿಂಗ್ ಮೇಲೆ, ಅದೂ ಕಡಿಮೆ ಆರ್‌ಪಿಎಂನಲ್ಲಿ, ಆಯಿಲ್ ಒತ್ತಡ ಕಡಿಮೆ ಇರುವ ಹೊತ್ತಿನಲ್ಲಿ. ಟಿಡಿವಿ6 ಕೆಟ್ಟ ಆಯ್ಕೆ ಅಲ್ಲ, ಆದರೆ ಎಷ್ಟೋ ಟಿಡಿವಿ6ಗಳಲ್ಲಿ ಲೋ ರೇಂಜ್ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರ್) ಇಲ್ಲದ ಒಂದೇ ವೇಗದ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಇದೆ. ಟ್ರೇಲರನ್ನು ಕೆಸರಿನಲ್ಲಿ, ಇಳಿಜಾರಿನಲ್ಲಿ ಹಿಂದೆ ಮುಂದೆ ಮಾಡಬೇಕಾದವರಿಗೆ ಲೋ ರೇಂಜ್ ಬೇಕು. ಸೆಂಟರ್ ಕನ್ಸೋಲ್‌ನಲ್ಲಿ ಅದರ ಗುಂಡಿ ಇದೆಯಾ ನೋಡಿ, ಇದ್ದರೆ ನ್ಯೂಟ್ರಲ್‌ಗೆ ಹಾಕಿ ಒತ್ತಿ, ಡ್ಯಾಶ್‌ನಲ್ಲಿ ಗುರುತು ಬರುತ್ತದೆಯಾ ಪರೀಕ್ಷಿಸಿ.

3.0ಗೆ ಒಂದೇ ಒಂದು ಪರೀಕ್ಷೆ ಮಾಡಿಸುವ ಅವಕಾಶ ಸಿಕ್ಕರೆ ಆಯಿಲ್ ಫಿಲ್ಟರ್ ತೆಗೆಸಿ. ಹೊಸ ಫಿಲ್ಟರ್, ಹೊಸ ಆಯಿಲ್‌ನ ಖರ್ಚು ನಾನೇ ಕೊಡುತ್ತೇನೆ ಎಂದು ಮಾಲೀಕರಿಗೆ ಹೇಳಿ, ಹೆಚ್ಚಿನವರು ಒಪ್ಪುತ್ತಾರೆ. ಕಾಗದದ ಮಡಿಕೆಗಳನ್ನು ಚೂಪು ಬ್ಲೇಡಿನಿಂದ ಮೇಲಿಂದ ಕೆಳಗೆ ಸೀಳಿ, ಕೈಯಲ್ಲಿ ಹಿಂಡಿ ಆಯಿಲ್ ಇಳಿಸಿ, ಬಿಳಿ ಬಟ್ಟೆಯ ಮೇಲೆ ಹರಡಿ, ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಕಪ್ಪು ಮಸಿ ಇರುವುದು ಸಹಜ. ಮಡಿಕೆಯ ತಳದಲ್ಲಿ ಬೆಳ್ಳಿಯ ಚಮಕಿಯಂತೆ ಚಪ್ಪಟೆ ಚೂರುಗಳು ಮಿನುಗಿದರೆ ಬೇರಿಂಗಿನ ಮೇಲ್ಪದರ ಕಿತ್ತು ಬರುತ್ತಿದೆ. ತಾಮ್ರದ ಬಣ್ಣ ಕಂಡರೆ ಅದರಡಿಯ ಪದರಕ್ಕೂ ಇಳಿದಿದೆ. ಆಗ ಬೆಲೆಯ ಮಾತೇ ಬೇಡ, ಎದ್ದು ಬನ್ನಿ. ಮ್ಯಾಗ್ನೆಟ್ ಒಂದನ್ನೇ ನಂಬಬೇಡಿ, ಬೇರಿಂಗಿನ ಲೋಹ ಅದಕ್ಕೆ ಅಂಟುವುದಿಲ್ಲ.

ಅದೇ ಆಯಿಲನ್ನು ಒಂದು ಚಿಕ್ಕ ಬಾಟಲಿಯಲ್ಲಿ ಲ್ಯಾಬಿಗೆ ಕಳಿಸಿದರೆ ಡೀಸೆಲ್ ಎಷ್ಟು ಬೆರೆತಿದೆ, ತಾಮ್ರ, ತವರ, ಸೀಸ, ಅಲ್ಯೂಮಿನಿಯಂ ಎಷ್ಟಿದೆ ಎಲ್ಲ ಬರುತ್ತದೆ. ಆದರೆ ಆಯಿಲ್ ನಿನ್ನೆ ಮೊನ್ನೆ ಬದಲಿಸಿದ್ದಾದರೆ ಅದರಿಂದ ಏನೂ ತಿಳಿಯದು. ಮಾರಾಟಕ್ಕೆ ಮುಂಚೆ ಆಯಿಲ್ ಬದಲಿಸಿ "ಫ್ರೆಶ್ ಸರ್ವಿಸ್" ಅನ್ನುವವರು ಗೊತ್ತಿಲ್ಲದೆಯೇ ಈ ಸಾಕ್ಷಿ ಅಳಿಸಿರುತ್ತಾರೆ.

ಡಿಪಿಎಫ್ ಗೆಳೆಯ:

ಸ್ಕ್ಯಾನರ್ ಭಾಗ ನಾನು ಸೇರಿಸ್ತೀನಿ. ಹೋಗೋಕೆ ಮುಂಚೆ ಫೋನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ, ತಣ್ಣಗಿರಲಿ ಅಂತ ಹೇಳಿ. ಹೋದ ಮೇಲೆ ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ರೆ ಇನ್ನೊಂದು ದಿನ ಬನ್ನಿ. ಚೇನ್ ಸದ್ದು, ಗ್ಲೋ ಪ್ಲಗ್, ಇಂಜೆಕ್ಟರ್ ಎಲ್ಲ ತಣ್ಣಗಿರೋವಾಗ ಮಾತ್ರ ಮಾತಾಡ್ತವೆ.

ಕೋಡ್ ಅಳಿಸಿ ತೋರಿಸೋದು ಎಲ್ಲರಿಗೂ ಗೊತ್ತಿರೋ ಕೆಲಸ, ಅದಕ್ಕೆ ಕೋಡ್‌ಗಿಂತ ಲೈವ್ ಡೇಟಾ ನೋಡಿಸಿ. ಕೊನೇ ಸಲ ಡಿಪಿಎಫ್ ಸುಟ್ಟಿದ್ದು ಎಷ್ಟು ಕಿ.ಮೀ. ಹಿಂದೆ, ಅದಕ್ಕೆ ಮುಂಚಿನ ಅಂತರ ಎಷ್ಟು. 400–500 ಕಿ.ಮೀ.ಗೆ ಒಂದು ಸಲ ಅಂದ್ರೆ ಆರೋಗ್ಯ. 100–150 ಕಿ.ಮೀ.ಗೇ ಮತ್ತೆ ಮತ್ತೆ ಸುಡ್ತಿದ್ರೆ ಒಂದೋ ಊರೊಳಗಿನ ಗಾಡಿ, ಇಲ್ಲ ಇಂಜೆಕ್ಟರ್ ಸೋರಿಕೆ, ಇಲ್ಲ ಡಿಪಿಎಫ್‌ನಲ್ಲಿ ಬೂದಿ ತುಂಬಿದೆ. ಮಸಿ ಸುಟ್ಟು ಹೋಗುತ್ತೆ, ಬೂದಿ ಹೋಗಲ್ಲ.

ಇಂಜೆಕ್ಟರ್ ಕರೆಕ್ಷನ್ ಅಂಕಿಗಳನ್ನ (ಒಂದೊಂದು ಸಿಲಿಂಡರ್‌ಗೆ ಕಂಪ್ಯೂಟರ್ ಡೀಸೆಲ್ ಎಷ್ಟು ಹೆಚ್ಚು ಕಡಿಮೆ ಮಾಡ್ತಿದೆ ಅನ್ನೋದು) ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ನೋಡಿಸಿ. ಎಲ್ಲವೂ ಸೊನ್ನೆ ಹತ್ತಿರ ಇದ್ದು ಒಂದು ಮಾತ್ರ ದೂರ ಇದ್ರೆ ಆ ಸಿಲಿಂಡರ್ ಅನುಮಾನ. 3.0ದಲ್ಲಿ ರೇಲ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಕೊಡೋ ಪೈಪ್) ಒತ್ತಡ 2,000 ಬಾರ್ ತನಕ ಹೋಗುತ್ತೆ. ಹೈ ಪ್ರೆಶರ್ ಪಂಪ್ ಒಳಗೆ ಸವೆದು ಲೋಹದ ಪುಡಿ ಬಿಟ್ರೆ ಪಂಪ್, ರೇಲ್, ಇಂಜೆಕ್ಟರ್ ಎಲ್ಲ ಒಟ್ಟಿಗೆ ಬದಲಿಸಬೇಕು. ಡೀಸೆಲ್ ಫಿಲ್ಟರ್ ಯಾವಾಗ ಬದಲಿಸಿದ್ದು ಅಂತ ಬಿಲ್‌ನಲ್ಲಿ ಹುಡುಕಿ, ಚಿಕ್ಕ ಪಾರ್ಟು, ದೊಡ್ಡ ಕಾವಲು.

ಅವಳಿ ಟರ್ಬೊ ಇರೋ ಎಸ್‌ಡಿವಿ6, ಎಸ್‌ಡಿವಿ8 ಎರಡರಲ್ಲೂ ಒಂದು ಟರ್ಬೊ ಯಾವಾಗಲೂ ಕೆಲಸ ಮಾಡುತ್ತೆ, ಇನ್ನೊಂದು ಆರ್‌ಪಿಎಂ ಏರಿದ ಮೇಲೆ ಜೊತೆಗೂಡುತ್ತೆ. ಖಾಲಿ ರಸ್ತೇಲಿ ಮ್ಯಾನುಯಲ್ ಮೋಡ್‌ಗೆ ಹಾಕಿ, ನಾಲ್ಕನೇ ಗೇರ್‌ನಲ್ಲಿ 1,500ರಿಂದ 3,800 ಆರ್‌ಪಿಎಂ ತನಕ ಆಕ್ಸಿಲರೇಟರ್ ಪೂರ್ತಿ ತುಳೀರಿ. 2,400–3,000 ನಡುವೆ ಗಾಡಿ ಮುಗ್ಗರಿಸಿದ್ರೆ, ಇಲ್ಲ "ಪವರ್ ಕಡಿಮೆ ಮಾಡಲಾಗಿದೆ" ಅನ್ನೋ ಸಂದೇಶ ಬಂದ್ರೆ ಎರಡನೇ ಟರ್ಬೊ ಸರಿಯಾಗಿ ಸೇರ್ತಿಲ್ಲ. ಕೆಲವು ಸಲ ಪೈಪಿನ ಸೀಲ್ ಅಷ್ಟೇ, ಕೆಲವು ಸಲ ಟರ್ಬೊನೇ. ಊರೊಳಗೆ ನಿಧಾನಕ್ಕೆ ಓಡಿಸಿ ನೋಡಿದ್ರೆ ಈ ದೋಷ ಗೊತ್ತೇ ಆಗಲ್ಲ.

ಎಂಟರ ನಂಟು:

ಹೊಸಗಾಲಿ ಅವರೇ, ನಿಮ್ಮ ಮೂರರಲ್ಲಿ ಕೇಳಿದರೆ ನಾನು ಮೊದಲು ನೋಡುವುದು 2014ರ ವಿ8. ಕಿಲೋಮೀಟರ್ ಹೆಚ್ಚು ಅನ್ನುವುದಕ್ಕೆ ಹೆದರಬೇಡಿ, ಪ್ರತಿ ವರ್ಷದ ಆಯಿಲ್ ಬಿಲ್ ಇದೆಯಲ್ಲ. ಕೂಲಂಟ್ ಟ್ಯಾಂಕ್ ತಣ್ಣಗಿರುವಾಗ ಮಟ್ಟಕ್ಕೆ ಪೆನ್ನಿನಿಂದ ಗೆರೆ ಹಾಕಿ, ಒಂದು ಗಂಟೆ ಓಡಿಸಿ, ಪೂರ್ತಿ ತಣಿದ ಮೇಲೆ ಮತ್ತೆ ನೋಡಿ. ಗೆರೆಗಿಂತ ಇಳಿದಿದ್ದರೆ ಕೂಲಿಂಗ್ ವ್ಯವಸ್ಥೆಗೆ ಒತ್ತಡದ ಪರೀಕ್ಷೆ ಮಾಡಿಸದೆ ಮುಂಗಡ ಕೊಡಬೇಡಿ. ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ನಾಲ್ಕೂ ಮೂಲೆಯ ಎತ್ತರ ಅಳೆದರೆ ಏರ್ ಸಸ್ಪೆನ್ಷನ್ ಎಲ್ಲಿ ಸೋರುತ್ತಿದೆ ಎಂದು ತಿಳಿಯುತ್ತದೆ.

ಮೇನ್‌ಬೇರಿಂಗ್:

ವಿ8 ಮೊದಲು ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ಒಂದೇ ಒಂದು ಭೇದ: 3.0 ಅಂದರೆ ಮುಟ್ಟಲೇಬೇಡಿ ಅನ್ನುವವನಲ್ಲ ನಾನು. 10,000–12,000 ಕಿ.ಮೀ.ಗೆ ಆಯಿಲ್ ಕಂಡ, ಎರಡೂ ಬೆಲ್ಟ್ ಆದ, ರೀಮ್ಯಾಪ್ ಆಗದ ಎಸ್‌ಡಿವಿ6 ಸಿಕ್ಕರೆ ನಿಮ್ಮ ಬಳಕೆಗೆ ಅದು ವಿ8ಗಿಂತ ಚೆನ್ನಾಗಿ ಹೊಂದುತ್ತದೆ. ಎಳೆಯುವ ಮಿತಿ ಎರಡಕ್ಕೂ ಬ್ರೇಕ್ ಇರುವ ಟ್ರೇಲರ್‌ಗೆ 3,500 ಕೆ.ಜಿ.ಯೇ. ಆದರೆ ನೀವು ನೋಡಿರುವ 2015ರದು ಅಂಥದ್ದಲ್ಲ. ಕಾಣೆಯಾದ ಎರಡು ವರ್ಷದ ಬಿಲ್ ಅವರ ಕೈಗೆ ಸಿಕ್ಕರೆ, ಫಿಲ್ಟರ್ ಸೀಳಿದಾಗ ಬಟ್ಟೆ ಸ್ವಚ್ಛವಾಗಿ ಬಂದರೆ ಮಾತ್ರ ಮಾತು ಮುಂದುವರಿಸಿ.

ಯಾವುದನ್ನೇ ತಗೊಂಡರೂ ಮನೆಗೆ ತಂದ ವಾರದಲ್ಲಿ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ. ಮತ್ತೆ 3,000 ಕಿ.ಮೀ.ಗೆ ಎಂಜಿನ್ ಆಯಿಲ್ ಇನ್ನೊಮ್ಮೆ. ಆ ಎರಡನೇ ಸಲದ ಹಳೆಯ ಫಿಲ್ಟರನ್ನು ಎಸೆಯದೆ ಸೀಳಿ ನೋಡಿ. ಮೊದಲನೆಯದರಲ್ಲಿ ಹಿಂದಿನವರ ಓಡಾಟದ್ದೂ ಸೇರಿರುತ್ತದೆ, ಎರಡನೆಯದರಲ್ಲಿ ಕಾಣುವುದು ಆ ಎಂಜಿನ್ ಈಗ ಹೇಗಿದೆ ಅನ್ನುವುದು.